ಅಣ್ಣನ ಹಲಗಿ ದವಾಖಾನೆ

ಆಡಬೇಕಾದ ಒಂದು ಮಾತನ್ನು ನಾನು ಆಡಲಿಲ್ಲ. ಆಡಬಾರದ ಇನ್ನೊಂದನ್ನು ಆಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ನಮ್ಮಣ್ಣನನ್ನು ಬೇಕಾದಷ್ಟು ಆಡಿಕೊಳ್ಳುವವಳಿದ್ದೇನೆ. ಆಗ ನೀವು “ಪಾಪ, ಇಂಥವನ ಜೊತೆ ಈಕೆ ಹೇಗೆ ಬೆಳೆದಳೋ” ಎಂದು ನನಗೆ ಮರುಗಬಾರದು. ಮರುಗುವುದಿದ್ದರೆ ಅವನಿಗೆ ಮರುಗಿರಿ. ನಾನು ಕಲಿತದ್ದು ಆರನೇ ಇಯತ್ತೆ. ಸುಳ್ಳು ಹೇಳಲು ಅಷ್ಟು ಧಾರಾಳ ಸಾಕಾಯಿತು. ಹೇಳಿದ್ದು ಸುಳ್ಳು ಎನ್ನಲು ಮಾತ್ರ ಏಳು ವರ್ಷ ಬೇಕಾದವು.

ಈಗ ಅಣ್ಣನ ವಿಷಯ. ನಮ್ಮಣ್ಣನ ಪ್ರಕಾರ ಹಲಗಿ ಬಡಿದರೆ ವಾಸಿಯಾಗದ ರೋಗ ಈ ಭೂಮಿಯ ಮೇಲೆ ಒಂದೇ ಒಂದು: ಹಲಗಿ ಬಡಿಯುವ ರೋಗ!

ಹಲಗಿ ಎಂದರೆ ಏನು ಮಹಾ? ಹಿಟ್ಟು ನಾದುವ ಪರಾತದಷ್ಟು ಅಗಲದ ಒಂದು ಬಳೆ, ಅದಕ್ಕೆ ಬಿಗಿದ ಚರ್ಮ, ಒಂದು ದಪ್ಪ ಕಡ್ಡಿ, ಒಂದು ಸಣ್ಣ ಕಡ್ಡಿ. ಬೆಂಕಿಗೆ ಹಿಡಿದು ಕಾಯಿಸಿದರೆ ಚರ್ಮ ಬಿಗಿದು ಕಂಚಿನ ಹಾಗೆ ನುಡಿಯುತ್ತದೆ. ಕಾಯಿಸದಿದ್ದರೆ ತೊಯ್ದ ಗೋಣಿಚೀಲಕ್ಕೆ ಗುದ್ದಿದ ಹಾಗೆ. ನಮ್ಮ ಬೈಲಹೊಂಗಲದಲ್ಲಿ ಹೋಳಿ ಹುಣ್ಣಿಮೆಯ ಐದು ದಿನ ಹಲಗಿ ಹಿಡಿಯದ ಗಂಡು ಹುಡುಗನೇ ಇಲ್ಲ. ಹುಣ್ಣಿಮೆ ಮುಗಿಯಿತೋ, ಹಲಗಿ ಗೋಡೆಯ ಗೂಟಕ್ಕೆ. ಆಮೇಲೆ ಓಣಿಯಲ್ಲಿ ಹಲಗಿ ಕೇಳಿತೆಂದರೆ ಅರ್ಥ ಒಂದೇ. ಯಾರೋ ತೀರಿಕೊಂಡರು.

ಇಷ್ಟು ಸಣ್ಣ ಸಂಗತಿ ತೊಟ್ಟಿಲ ಕೂಸಿಗೂ ಗೊತ್ತು. ನಮ್ಮಣ್ಣನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನು ವರ್ಷದ ಹನ್ನೆರಡು ತಿಂಗಳೂ ಬಾರಿಸುತ್ತಿದ್ದ.

ಇದು ಶುರುವಾದದ್ದು ಅವನ ಹಲ್ಲಿನಿಂದ. ಸಣ್ಣವನಿದ್ದಾಗ ಸಿಟ್ಟು ಬಂದರೆ ಅಣ್ಣ ಕಚ್ಚುತ್ತಿದ್ದನಂತೆ. ಓಣಿಯ ಹುಡುಗರನ್ನು ಕಚ್ಚಿ ಮುಗಿಸಿ, ಸಾಲಿ ಮಾಸ್ತರರ ಮೊಣಕೈಗೆ ಬಂದಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೋಳಿಯಲ್ಲಿ ಒಂದು ಹಲಗಿ ತಂದು ಅವನ ಮುಂದೆ ಒಗೆದಳು.

“ಕಚ್ಚೂ ಅಷ್ಟ ಸಿಟ್ಟ ಇದ್ರ ಇದಕ್ಕ ಬಡಿ. ಇದು ಯಾರ ಮುಂದೂ ದೂರು ಹೇಳಂಗಿಲ್ಲ.”

ಮುಂಜಾನೆಯಿಂದ ಸಂಜೆಯವರೆಗೆ ಬಡಿದ. ಬಡಿದು ಮಲಗಿದವನು ಮರುದಿನ ಮಧ್ಯಾಹ್ನ ಎದ್ದ. ಆವತ್ತಿನಿಂದ ಅವನು ಯಾರನ್ನೂ ಕಚ್ಚಲಿಲ್ಲ. “ಸಿಟ್ಟು ಕೈಯಿಂದ ಹರದ ಹೋತಂದ್ರ ಹಲ್ಲಿಗೆ ಉಳಿಯಂಗಿಲ್ಲ” ಎಂಬುದು ಅವನ ವೈದ್ಯಶಾಸ್ತ್ರದ ಮೊದಲ ಪಾಠ. ಊರಲ್ಲಿ ಸಾವಿಗೂ ಹಬ್ಬಕ್ಕೂ ಹಲಗಿ ಬಾರಿಸುವ ಮನೆತನದ ಒಬ್ಬ ಮುದುಕನಿದ್ದ. ಅವನನ್ನು ಕಾಕಾ ಎಂದು ಕರೆದು, ಅವನ ಮನೆ ಅಂಗಳದಲ್ಲೇ ಕೂತು ಅಣ್ಣ ಕೈ ಕಲಿತ. ಅವನ ಮನೆಯ ಚಹಾ ಕುಡಿದು ಬಂದದ್ದಕ್ಕೆ ಅಪ್ಪನ ಬೈಗುಳ ಬೇರೆ. “ನಮ್ಮ ಮನಿತನ ಏನು, ನೀ ಕುಂದ್ರೂ ಜಾಗಾ ಏನು?” ಎಂದರೆ ಅಣ್ಣ, “ಜಾಗಾ ಚಲೋ ಐತಿ ಅಪ್ಪಾ, ಬೇವಿನ ನೆರಳೈತಿ” ಎನ್ನುತ್ತಿದ್ದ.

ನಮ್ಮದು ಹಿಟ್ಟಿನ ಗಿರಣಿ. ಮನೆಯ ಹಿತ್ತಲಿಗೇ ಅಂಟಿಕೊಂಡಿತ್ತು. ಆಗ ಡೀಸೆಲ್ ಎಂಜಿನ್, ಪುಕ್ ಪುಕ್ ಎಂದು ಇಡೀ ಓಣಿಗೆ ಕೇಳುವಂಥದ್ದು. ಅಣ್ಣನ ಕೈಗೆ ಗಿರಣಿ ಬಂದದ್ದೇ ಅದು ದವಾಖಾನೆಯಾಯಿತು. ಎಂಜಿನ್ನಿನ ತಾಳಕ್ಕೆ ಹಲಗಿ, ಡಬ್ಬಿ ತಂದವರೆಲ್ಲ ರೋಗಿಗಳು!

“ಯಪ್ಪಾ, ಮೊಣಕಾಲ ಭಾಳ ನೋಯಾಕತ್ತೇತಿ,” ಎನ್ನುತ್ತಿದ್ದಳು ಒಬ್ಬ ಮುದುಕಿ.

“ಎಡಗಾಲೊ, ಬಲಗಾಲೊ?”

“ಎಡಗಾಲ.”

“ಹಂಗಾದ್ರ ಸಣ್ಣ ಕಡ್ಡೀಲೆ ಬಾರಸ್ಬೇಕು. ಕುಂದ್ರಬೇ ಇಲ್ಲೆ.”

“ಬಾರ್ಸಾಂವ ನೀನು, ಆರಾಮ ಆಗೂದು ನನಗ ಹೆಂಗೊ?”

“ತಾಳ ಕೇಳಿದ್ರ ಪಾದ ಕುಣಿತೈತೊ ಇಲ್ಲೊ? ಪಾದ ಕುಣದ್ರ ಕೀಲ ಸಡ್ಲ ಆಗತಾವು. ಗುಳಿಗಿ ನುಂಗಿದ್ರ ಏನ ಕುಣಿತೈತಿ ಹೇಳು?”

ಮುದುಕಿ ಡಬ್ಬಿ ಪಕ್ಕಕ್ಕಿಟ್ಟು ಕಾಲು ಚಾಚಿ ಕೂತಳು. ಗುಳಿಗೆ ನುಂಗಿದರೆ ಏನು ಕುಣಿಯುತ್ತದೆ, ನೀವಾದರೂ ಹೇಳಿ? ಅವಳ ಕಾಲು ನೆಟ್ಟಗಾಯಿತೋ ಇಲ್ಲವೋ ನನಗೆ ತಿಳಿಯದು, ಅವಳ ಜೋಳದ ಹಿಟ್ಟು ಮಾತ್ರ ಅಷ್ಟರಲ್ಲಿ ರವೆಯಾಗಿ ಬಿದ್ದಿತ್ತು. ವಾಯುವಿಗೆ ದಪ್ಪ ಕಡ್ಡಿಯ ಪೆಟ್ಟು, ನಿದ್ದೆ ಬರದವರಿಗೆ ಎರಡೂ ಕಡ್ಡಿ ನಿಧಾನಕ್ಕೆ, ಸೊಸೆಯ ಕಾಟಕ್ಕೆ ಜೋರು ಜೋರು. ಸೊಸೆಯಂದಿರು ಬಂದು ಅತ್ತೆಯ ಕಾಟ ಎಂದರೂ ಔಷಧ ಅದೇ!

ಅಪ್ಪ ಗಿರಣಿಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. “ಮಂದಿ ಇಲ್ಲಿಗೆ ಹಿಟ್ಟ ಒಯ್ಯಾಕ ಬರತಾರೊ, ಹುಚ್ಚ ಒಯ್ಯಾಕ ಬರತಾರೊ?”

“ಎರಡೂ ಒಯ್ಯಲಿ ಬಿಡಪ್ಪಾ. ಹುಚ್ಚಿಗೆ ನಾ ರೊಕ್ಕ ಹಚ್ಚಂಗಿಲ್ಲ.”

ಒಂದು ಶ್ರಾವಣದಲ್ಲಿ ಆಯಿಗೂ ಮೊಣಕಾಲು ಹಿಡಿಯಿತು. ಅಣ್ಣ ಬಿಡುತ್ತಾನೆಯೇ? ಬೆಳಗಾಗುತ್ತಲೇ ಆಯಿಯನ್ನು ಕಟ್ಟೆಗೆ ಕೂಡಿಸಿ, ಹಲಗಿ ಕಾಯಿಸಿ, ಮನೆಯ ಮುಂದೆಯೇ ಶುರುಮಾಡಿದ. ಹೋಳಿ ಹೋಗಿ ಐದು ತಿಂಗಳಾಗಿತ್ತು. ಮನೆಯಲ್ಲಿ ಎಂಬತ್ತು ದಾಟಿದ ಮುದುಕಿ. ಓಣಿಯವರು ಏನು ತಿಳಿಯಬೇಕು?

ಮೊದಲು ಬಂದವರು ಎದುರು ಮನೆಯವರು, ತಲೆಗೆ ವಸ್ತ್ರ ಸುತ್ತಿಕೊಂಡು. ಹಿಂದೆಯೇ ಇನ್ನಿಬ್ಬರು ಚೆಂಡುಹೂವಿನ ಹಾರ ಹಿಡಿದು. ಆಯಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಳು. ಅವರು ಆಯಿಯನ್ನು ನೋಡಲೂ ಇಲ್ಲ. ನೆಟ್ಟಗೆ ಅಪ್ಪನ ಬಳಿ ಹೋಗಿ, ದನಿ ಸಣ್ಣದು ಮಾಡಿ ಕೇಳಿದರು. “ಮಣ್ಣ ಎಷ್ಟೊತ್ತಿಗೆ ಮಾಡ್ತೀರಿ?”

“ಯಾರದು?” ಎಂದಳು ಆಯಿ ಕಟ್ಟೆಯಿಂದ.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಫೋನಿನ ಅಂಗಡಿಗೆ ಓಡಿ ಸವದತ್ತಿಗೂ ಸುದ್ದಿ ಮುಟ್ಟಿಸಿದ್ದರು. ಸವದತ್ತಿಯಲ್ಲಿ ಅಪ್ಪನ ತಂಗಿ, ಆಯಿಯ ಒಬ್ಬಳೇ ಮಗಳು. ಆಕೆ ಬಸ್ ಸ್ಟ್ಯಾಂಡಿನಿಂದಲೇ ಎದೆ ಬಡಿದುಕೊಂಡು, ಹಾಡಿಕೊಂಡು ಅಳುತ್ತ ಬಂದಳು. “ನನ್ನ ಬಂಗಾರದಂಥಾ ಯವ್ವಾ, ಹೋಳಗಿಯಂಥಾ ಮನಸಿನಾಕಿ, ಒಂದ ದಿನ ನನಗ ಬಿರುಸು ಮಾತ ಆಡಲಿಲ್ಲಲ್ಲಬೇ...” ಕಣ್ಣಿಗೆ ಸೆರಗು ಇದ್ದುದರಿಂದ ಕಟ್ಟೆಯ ಮೇಲೆ ಕೂತವಳು ಕಾಣಲಿಲ್ಲ. ಆಯಿ ಸನ್ನೆ ಮಾಡಿ ಎಲ್ಲರನ್ನೂ ಸುಮ್ಮನಿರಿಸಿದಳು. ಇಡೀ ಹಾಡು ಕೇಳಿದಳು. ಕೊನೆಗೆ ಹೇಳಿದಳು:

“ಭಾಳ ಚಂದ ಹಾಡಿದಿ ಮಗಳ. ಹ್ವಾದ ವಾರ ಮಜ್ಜಿಗಿ ಹುಳಿ ಆಗೇತಿ ಅಂತ ನನ್ನ ಕೂಡ ಜಗಳಾ ಮಾಡಿ ಹೋದಾಕಿ ನೀನೊ, ಬ್ಯಾರೆ ಯಾರರೆ ಇದ್ರೊ?”

ತಂದ ಹಾರಗಳನ್ನು ಆಯಿ ವಾಪಸು ಒಯ್ಯಗೊಡಲಿಲ್ಲ. ಕೊರಳಿಗೆ ಹಾಕಿಸಿಕೊಂಡು ಸಂಜೆಯವರೆಗೆ ಕಟ್ಟೆಯ ಮೇಲೆ ಕೂತಳು.

ಎರಡು ವರ್ಷಕ್ಕೆ ಆಯಿ ನಿಜವಾಗಿ ತೀರಿಕೊಂಡಳು. ಬೆಳಗಿನ ಹೊತ್ತು. ಅಣ್ಣ ಕಣ್ಣೀರು ಸುರಿಸುತ್ತ ಬಾಗಿಲಲ್ಲಿ ನಿಂತು ಅರ್ಧ ತಾಸು ಹಲಗಿ ಬಾರಿಸಿದ. ಒಬ್ಬರೂ ಬರಲಿಲ್ಲ. ಮೊಣಕಾಲು ಅಂದುಕೊಂಡಿದ್ದರು!

ಅಪ್ಪ ಸೋತು ಅವನನ್ನು ಡಾಕ್ಟರ ಬಳಿ ಕರೆದೊಯ್ದ. ಡಾಕ್ಟರು ಎದೆ, ನಾಡಿ, ಬಿ.ಪಿ. ಎಲ್ಲ ನೋಡಿದರು. ಎತ್ತಿನಂಥ ಮೈ. ಏನೂ ಇಲ್ಲ. “ಹಲಗಿ ಬಾರಿಸಿದರೆ ರಟ್ಟಿಗೆ, ಎದೆಗೆ ವ್ಯಾಯಾಮ ಆಗತೈತಿ, ಮನಸೂ ಹಗುರ ಆಗತೈತಿ, ತಪ್ಪೇನಿಲ್ಲ ಬಿಡ್ರಿ” ಎಂದರು ಪಾಪ, ಮುಂದಿನ ಪರಿಣಾಮ ತಿಳಿಯದೆ. ಮರುದಿನವೇ ಅಣ್ಣ ಗಿರಣಿಯಲ್ಲಿ ಸಾರಿದ. “ಡಾಕ್ಟರು ದಿನಕ್ಕ ಮೂರ ಸಲ ಅಂತ ಬರದ ಕೊಟ್ಟಾರ. ಊಟಕ್ಕಿಂತ ಮದಲ!”

ಇಂಥವನಿಗೆ ಹೆಣ್ಣು ಕೊಟ್ಟವರು ಕಿತ್ತೂರಿನವರು. ಕಣ್ಣು ಮುಚ್ಚಿಕೊಂಡು ಕೊಟ್ಟರು. ಅತ್ತಿಗೆ, ನಮ್ಮ ವೈನಿ, ಕಿವಿ ಮುಚ್ಚಿಕೊಂಡು ಬಂದಳು. ಬಂದ ಮೂರನೆಯ ದಿನ ಎರಡು ಉಂಡೆ ಹತ್ತಿ ತೆಗೆದು ಕಿವಿಗೆ ಇಟ್ಟಳು. ಬೈಲಹೊಂಗಲದ ಪೇಟೆಯಲ್ಲಿ ಹತ್ತಿಗೇನು ಬರವೇ? “ವೈನೀ, ಅಣ್ಣನ ಹುಚ್ಚು ನಿನಗ ಸಿಟ್ಟ ತರಸಂಗಿಲ್ಲೇನು?” ಎಂದು ನಾನು ಕೇಳಿದರೆ, “ಕುಡದ ಬಂದು ಹೇಣ್ತಿನ್ನ ಬಡ್ಯಾವ್ರ ಓಣಿ ತುಂಬ ಅದಾರ. ಇಂವ ಹಲಗಿ ಬಡಿತಾನ. ನಾ ಯಾಕ ಸಿಟ್ಟ ಆಗ್ಲಿ?” ಎಂದಳು. ಅದೂ ಒಂದು ಆರೋಗ್ಯ ಲಾಭವೇ ನೋಡಿ!

ಇಷ್ಟು ಹೊತ್ತು ನಗುತ್ತ ಬಂದೆ. ಇನ್ನು ನನ್ನ ಸರದಿ.

ನನ್ನನ್ನು ರಾಮದುರ್ಗಕ್ಕೆ ಕೊಟ್ಟರು. ಎರಡು ಸಾವಿರದ ಒಂದನೇ ಇಸವಿಯಲ್ಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದೆ. ಹೆಣ್ಣುಕೂಸು, ಗುಂಡು ಗುಂಡಗೆ, ಯಾವ ಕೊರತೆಯೂ ಇಲ್ಲ. ಕೊರತೆಯಾದದ್ದು ನನಗೆ. ಏನೆಂದು ಹೇಳಲಿ? ಕೂಸು ಅಳುತ್ತಿತ್ತು, ನನಗೆ ಅದು ಪಕ್ಕದ ಮನೆಯ ಕೂಸಿನ ಹಾಗೆ ಕೇಳುತ್ತಿತ್ತು. ಅನ್ನ ಮಣ್ಣಾಗಿತ್ತು. ಗೋಡೆಗೆ ಮುಖ ಮಾಡಿ ಕೂತರೆ ಬೆಳಗು ಯಾವುದು, ಸಂಜೆ ಯಾವುದು ತಿಳಿಯದು. ಅವ್ವ ದೃಷ್ಟಿ ತೆಗೆದಳು. ಅಪ್ಪ ಮಠದಿಂದ ಅಂಗಾರದ ಬೂದಿ ತಂದ. ಪಕ್ಕದ ಮನೆಯ ಬೀಬಿ ದರ್ಗಾದ ದಾರ ಕಟ್ಟಿದಳು. ನಾನು ಎಲ್ಲ ಕಟ್ಟಿಸಿಕೊಂಡು, ಹಚ್ಚಿಸಿಕೊಂಡು, ಮತ್ತೆ ಗೋಡೆಗೆ ತಿರುಗಿದೆ.

ಒಂದು ಮಧ್ಯಾಹ್ನ ಅಪ್ಪ ಹೊಲಕ್ಕೆ ಹೋಗಿದ್ದ, ಅವ್ವ ಮಲಗಿದ್ದಳು. ಅಣ್ಣ ನಾನು ಮಲಗುವ ಹೊರಸಿನ ಕೆಳಗಿದ್ದ ಬಾಣಂತಿ ಕೆಂಡವನ್ನು ಬುಟ್ಟಿಗೆ ತುಂಬಿಕೊಂಡು ಹೊರಟ. “ಏಳ, ಗಿರಣಿಗೆ ಬಾ” ಎಂದ. ನಾನು ಹೋದದ್ದು ವಿಧೇಯಳಾಗಿ ಅಲ್ಲ, ಇಲ್ಲ ಎನ್ನಲೂ ಬೇಸರವಾಗಿ. ಊಟದ ಹೊತ್ತಿಗೆ ಗಿರಣಿ ಬಂದ್ ಆಗಿರುತ್ತಿತ್ತು. ನನ್ನ ಮೈ ಕಾಯಿಸಬೇಕಾದ ಕೆಂಡದಲ್ಲಿ ಹಲಗಿ ಕಾಯಿಸಿ, ನನ್ನ ಕೊರಳಿಗೆ ಹಾಕಿದ.

ಹೆಂಗಸು, ಅದರಲ್ಲೂ ಬಾಣಂತಿ, ಹಲಗಿ ಮುಟ್ಟುವುದುಂಟೇ? ನಾನು ಒಂದು ಪೆಟ್ಟು ಹಾಕಿದೆ. ಇಲಿ ಕೆಮ್ಮಿದ ಹಾಗಾಯಿತು.

“ಇಷ್ಟನ? ರಾಮದುರ್ಗದಾಗ ನಿನಗ ಊಟಾ ಹಾಕಂಗಿಲ್ಲೇನು?”

ಇನ್ನೊಂದು ಹಾಕಿದೆ.

“ನಿಮ್ಮತ್ತಿ ನಿನ್ನ ಲಗ್ನದಾಗ ಸೀರಿ ನೋಡಿ ಏನಂದ್ಲು? ‘ಒಲಿ ಒರಸಾಕ ಬರತೈತಿ’ ಅಂದ್ಲಲಾ?”

ಆಮೇಲೆ ನಾನು ಎಷ್ಟು ಹೊತ್ತು ಬಡಿದೆನೋ ಗೊತ್ತಿಲ್ಲ. ಸೀರೆಗೆ ಬಡಿದೆ, ಹೆರಿಗೆಯ ನೋವಿಗೆ ಬಡಿದೆ, ಆರನೇ ಇಯತ್ತೆಗೆ ಸಾಲಿ ಬಿಡಿಸಿದ ಅಪ್ಪನಿಗೆ ಬಡಿದೆ. ಕಣ್ಣೀರು, ಬೆವರು, ಹಿಟ್ಟಿನ ಧೂಳು ಎಲ್ಲ ಕೂಡಿ ಮುಖದ ಮೇಲೆ ರೊಟ್ಟಿಯ ಕಣಕವಾಯಿತು. ನಿಲ್ಲಿಸಿದಾಗ ತಿಂಗಳ ಮೇಲೆ ಮೊದಲ ಸಲ ಹಸಿವೆಯಾಗಿತ್ತು. ಎರಡು ರೊಟ್ಟಿ ತಿಂದೆ, ಬಾಣಂತಿಗೆ ಕೊಡಬಾರದ ಬದನೆಕಾಯಿಯ ಜೊತೆ!

ಮರುದಿನ ಅವನು ಕರೆಯುವ ಮೊದಲೇ ನಾನು ಕೆಂಡ ತುಂಬಿಟ್ಟಿದ್ದೆ. ದಿನವೂ ನಡೆಯಿತು. ಓಣಿಗೆಲ್ಲ ಕೇಳುತ್ತಿತ್ತು, ಆದರೆ ಯಾರಿಗೆ ಸಂಶಯ ಬರಬೇಕು? ನಮ್ಮ ಮನೆಯಲ್ಲಿ ಹಲಗಿ ಕೇಳದಿದ್ದರಲ್ಲವೇ ಆಶ್ಚರ್ಯ! ವೈನಿ ಮಾತ್ರ ಬಲ್ಲಳು. ಗಿರಣಿಯ ಬಾಗಿಲ ಹೊರಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಯುತ್ತಿದ್ದಳು. ತಿಂಗಳೊಳಗೆ ಆ ಕೂಸು ನನ್ನ ಕೂಸಾಯಿತು. ಅದರ ಅಂಗಾಲಿಗೆ ಬಾಯಿ ಹಚ್ಚಿ ನಗಿಸತೊಡಗಿದೆ. ಮನೆಯವರೆಲ್ಲ ಅಂಗಾರದ ಮಹಿಮೆ ಎಂದರು. ಅಣ್ಣ ನನ್ನನ್ನು ನೋಡಿ ಕಣ್ಣು ಹೊಡೆದ.

ಸಿಕ್ಕಿಬಿದ್ದದ್ದು ಹೀಗೆ. ಒಂದು ದಿನ ನಮ್ಮತ್ತೆ ಹೇಳದೆ ಕೇಳದೆ ರಾಮದುರ್ಗದಿಂದ ಬಂದಿಳಿದಳು. ಹೊಲದಿಂದ ಬರುತ್ತಿದ್ದ ಅಪ್ಪ ದಾರಿಯಲ್ಲಿ ಜೊತೆಯಾದ. ಇಬ್ಬರೂ ಒಳಗೆ ಬಂದರೆ ಅಡುಗೆಮನೆಯಲ್ಲಿ ಅಣ್ಣ ಊಟಕ್ಕೆ ಕೂತಿದ್ದಾನೆ. ಕೈಯಲ್ಲಿ ರೊಟ್ಟಿ. ಗಿರಣಿಯಲ್ಲಿ ಹಲಗಿ ಭರ್ಜರಿಯಾಗಿ ನಡೆದಿದೆ.

ಅಪ್ಪ ಅವನನ್ನು ನೋಡಿದ. ಗಿರಣಿಯ ಕಡೆ ಕಿವಿಗೊಟ್ಟ. ಮತ್ತೆ ಅವನನ್ನು ನೋಡಿದ.

“ನೀ ಇಲ್ಲಿ ಕುಂತಿ. ಅಲ್ಲಿ ಬಾರ್ಸಾವ್ರು ಯಾರು?”

ಅಣ್ಣ ರೊಟ್ಟಿಯ ತುತ್ತು ನುಂಗಿ, “ಎಂಜಿನ್ ಇರಬೇಕು” ಎಂದನಂತೆ. ಬಂದ್ ಆದ ಎಂಜಿನ್!

ಬಾಗಿಲು ತೆರೆದಾಗ ನಾನು ಕೂದಲು ಬಿಚ್ಚಿಕೊಂಡು, ಮೈಯೆಲ್ಲ ಹಿಟ್ಟಾಗಿ, ಕೊರಳಲ್ಲಿ ಹಲಗಿಯೊಂದಿಗೆ ನಿಂತಿದ್ದೆ. ಅತ್ತೆಯ ಮುಖ ಕಂಡಿತು. ಅಪ್ಪನ ಮುಖ ಕಂಡಿತು. ಹುಚ್ಚಿಯೆಂದು ಇಲ್ಲೇ ಬಿಟ್ಟು, ಕೂಸನ್ನಷ್ಟೇ ಒಯ್ದರೆ? ಅದೊಂದೇ ಹೊಳೆಯಿತು. ಹಲಗಿ ಕಿತ್ತು ನೆಲಕ್ಕೆ ಒಗೆದೆ.

“ಅಣ್ಣನ ಒತ್ತಾಯ ಮಾಡಿದ್ನರಿ! ಬಡೀಲಿಲ್ಲಂದ್ರ ಕೂಸಿನ್ನ ಮುಟ್ಟಗೊಡಂಗಿಲ್ಲ ಅಂದ. ನಾ ಏನ ಮಾಡ್ಲಿ?”

ಅಣ್ಣ ಎಂಜಲು ಕೈಯಲ್ಲೇ ಬಾಗಿಲಿಗೆ ಬಂದಿದ್ದ. ನನ್ನನ್ನು ಒಮ್ಮೆ ನೋಡಿದ. ವೈನಿ ಬಾಯಿ ತೆರೆದಳು. ಅವಳನ್ನೂ ಕಣ್ಣಲ್ಲೇ ತಡೆದ.

“ಹೌದು. ನಾನ ಮಾಡಿಸಿದ್ನಿ. ಅಕಿದೇನೂ ತಪ್ಪಿಲ್ಲ” ಎಂದ.

ಅಪ್ಪ ಕೈಯಲ್ಲಿದ್ದ ಕುಡುಗೋಲಿನಿಂದ ಹಲಗಿಯ ಚರ್ಮ ಸೀಳಿದ. “ಬಾಣಂತೀನ್ನ ಕಾಡ್ಸಾಂವ ನೀನು! ಇನ್ನ ಈ ಮನ್ಯಾಗ ಹಲಗಿ ಕೇಳಿದ್ರ ಅದು ನನ್ನ ಮಣ್ಣಿಗೇ ಕೇಳಬೇಕು” ಎಂದ. ಅಣ್ಣ ಬಾಗಿ ಅಪ್ಪನ ಪಾದ ಮುಟ್ಟಿದ. ಹಲಗಿಯನ್ನು ಮತ್ತೆ ಮುಟ್ಟಲಿಲ್ಲ. ನಾನು ಕೂಸನ್ನು ಎತ್ತಿಕೊಂಡು ಒಳಗೆ ಹೋದೆ.

ಆಮೇಲೆ ನಮ್ಮ ಗಿರಣಿಯಲ್ಲಿ ಎಂಜಿನ್ ಹೋಗಿ ಕರೆಂಟಿನ ಮೋಟರ್ ಬಂತು. ಅಣ್ಣನ ಲಕ್ಷ್ಯವೆಲ್ಲ ಬೀಸುವುದರ ಮೇಲೆ. ಅಷ್ಟು ನುಣುಪಾದ ಹಿಟ್ಟು ಇಡೀ ತಾಲೂಕಿನಲ್ಲಿ ಯಾರೂ ಬೀಸುತ್ತಿರಲಿಲ್ಲ. ಅದು ಯಾರಿಗೂ ಬೇಕಿರಲಿಲ್ಲ. ಮುದುಕಿಯರು ಡಬ್ಬಿ ಇಟ್ಟು ಮನೆಗೆ ಹೋಗಿಬಿಡುತ್ತಿದ್ದರು. ಅಣ್ಣನ ಮೈ ಊದಿತು, ಬಿ.ಪಿ. ಬಂತು, ನಿದ್ದೆ ಹೋಯಿತು. ಮೊದಲು ‘ತಪ್ಪೇನಿಲ್ಲ’ ಎಂದಿದ್ದ ಡಾಕ್ಟರು ಈಗ ನಿಜವಾಗಿಯೂ ದಿನಕ್ಕೆ ಮೂರು ಸಲ ಎಂದು ಬರೆದು ಕೊಟ್ಟರು, ಗುಳಿಗೆಗಳನ್ನು. ವೈನಿ ಕಿವಿಯ ಹತ್ತಿ ತೆಗೆದಿಟ್ಟಳು. “ಮನಿ ತುಂಬ ಗಡಿಯಾರದ ಸಪ್ಪಳ ಕೇಳತೈತಿ” ಎಂದು ಫೋನಿನಲ್ಲಿ ಅತ್ತಳು.

ನಾನು? ನಾನು ರಾಮದುರ್ಗದಲ್ಲಿ ಆರಾಮಾಗಿದ್ದೆ! ಮನಸ್ಸು ಮುಸುಕಾದಾಗ ಹಿಟ್ಟು ನಾದುವ ಪರಾತವನ್ನು ಬೋರಲು ಹಾಕಿ ಎರಡು ಸೌದೆಕಡ್ಡಿಯಿಂದ ಮೆತ್ತಗೆ ಬಾರಿಸುತ್ತಿದ್ದೆ. ಅಣ್ಣನ ಔಷಧ ಅಣ್ಣನಿಗಿಲ್ಲ, ಕಳ್ಳಿಗೆ ಉಂಟು. ಪ್ರತಿ ಪಂಚಮಿಗೆ ತವರಿಗೆ ಹೋಗುವಾಗ ಈ ಸಲ ಹೇಳುತ್ತೇನೆ ಎಂದುಕೊಳ್ಳುವೆ. ಅಣ್ಣ ಸೀರೆ ಉಡಿಸಿ ಕಳಿಸುವನು. ಉಟ್ಟುಕೊಂಡು ಸುಮ್ಮನೆ ಬಸ್ ಹತ್ತುವೆ.

ಏಳನೇ ವರ್ಷ ವೈನಿಯ ಫೋನು ಬಂತು. ಅಣ್ಣ ಗಿರಣಿಯಲ್ಲಿ ತಲೆ ತಿರುಗಿ ಬಿದ್ದನಂತೆ. ಈಗ ಎದ್ದು ಓಡಾಡುತ್ತಿದ್ದಾನೆ, ಆದರೆ ಡಾಕ್ಟರು, “ಇವರು ಯಾವುದೋ ಮಾತನ್ನ ಒಳಗ ಇಟ್ಕೊಂಡ ಕೊರಗತಾರ” ಎಂದರಂತೆ. ನಾನು ಚೀಲಕ್ಕೆ ಸೀರೆ ತುಂಬಿಕೊಂಡು, ಮೊದಲು ಅತ್ತೆಯ ಮುಂದೆ ಹೋಗಿ ನಿಂತು ಎಲ್ಲ ಹೇಳಿಬಿಟ್ಟೆ. ಅಣ್ಣನದಲ್ಲ, ತಪ್ಪು ನನ್ನದು, ಹಲಗಿ ನಾನೇ ಬೇಕೆಂದು ಬಾರಿಸಿದೆ ಎಂದು. ಅತ್ತೆ ಅವರೆಕಾಳು ಸುಲಿಯುವುದನ್ನು ನಿಲ್ಲಿಸಲೇ ಇಲ್ಲ.

“ಗೊತ್ತೈತಿ ಬಿಡ. ಏಳ ವರ್ಷದಿಂದ ನನ್ನ ಪರಾತಾ ಬಡ್ಯಾಕತ್ತಿ, ನನಗೇನ ಕಿವಿ ಇಲ್ಲೇನು? ಆವತ್ತ ಬಾಗಲಾ ತಗದಾಗ ನಿನ್ನ ಮಾರಿ ಮ್ಯಾಲೆ ಕಳಿ ಇತ್ತು. ಒತ್ತಾಯ ಮಾಡ್ಸಿಕೊಂಡವ್ರ ಮಾರಿ ಹಂಗಿರತೈತೇನು? ನೀನ ಹೇಳ್ತಿ ಅಂತ ಕಾದ್ನಿ.”

ಅಂದರೆ ಆ ಸುಳ್ಳು ಯಾರಿಗೂ ಬೇಕಾಗಿರಲಿಲ್ಲ! ಯರಗಟ್ಟಿ ದಾಟಿ ಬೈಲಹೊಂಗಲ ಬರುವವರೆಗೆ ಬಸ್ಸಿನ ಕಿಟಕಿಗೆ ಹಣೆ ಹಚ್ಚಿಕೊಂಡು ಕೂತೆ.

ಊರು ಮುಟ್ಟಿದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಗಿರಣಿಗೆ ಹೋದೆ. ಮೋಟರ್ ಗರಗರ ಎನ್ನುತ್ತಿತ್ತು. ಏಳೆಂಟು ಹೆಂಗಸರು ಡಬ್ಬಿ ಹಿಡಿದು ಪಾಳಿಯಲ್ಲಿದ್ದರು. ಅಪ್ಪ ಬಾಗಿಲ ಬಳಿ ಕಟ್ಟಿಗೆಯ ಬಾಕಿನ ಮೇಲೆ ಕೂತು ತೂಕಡಿಸುತ್ತಿದ್ದ. ಅಣ್ಣ ರೆಪ್ಪೆಯವರೆಗೆ ಬೆಳ್ಳಗಾಗಿ ಜೋಳ ಸುರಿಯುತ್ತಿದ್ದ. ಈಗಲೇ ಹೇಳಿಬಿಡಬೇಕು ಎನ್ನಿಸಿತು. ಧೈರ್ಯದಿಂದಲ್ಲ. ಈ ಗದ್ದಲದಲ್ಲಿ ಅವನ ಕಿವಿಗೆ ಬಿಟ್ಟು ಬೇರೆ ಯಾರಿಗೂ ಕೇಳದು ಎಂಬ ಹಂಚಿಕೆಯಿಂದ!

“ಅಣ್ಣಾ, ಆವತ್ತ ನಾ ಸುಳ್ಳ ಹೇಳಿದ್ನಿ!”

“ಆಂ? ಏನೂ ಕೇಳವಲ್ದು! ಮನೀಗಿ ನಡಿ, ಆಮ್ಯಾಲೆ ಹೇಳಂತಿ!”

ಆಮೇಲೆ, ಆಮೇಲೆ ಎಂದೇ ಏಳು ವರ್ಷ ಕಳೆದವಳು ನಾನು. ಗಂಟಲು ಹರಿಯುವ ಹಾಗೆ ಚೀರಿದೆ.

“ನೀ ಒತ್ತಾಯ ಮಾಡಲಿಲ್ಲಾ!”

ಆ ಕ್ಷಣಕ್ಕೆ ಕರೆಂಟ್ ಹೋಯಿತು.

ಕಲ್ಲು ಒಂದೆರಡು ಸುತ್ತು ತಿರುಗಿ ನಿಂತಿತು. ನನ್ನ ದನಿಯೊಂದೇ ಗಿರಣಿಯ ತಗಡಿನ ಮಾಡಿಗೆ ಬಡಿದು ವಾಪಸು ಬಂತು. ಡಬ್ಬಿ ಹಿಡಿದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಅಪ್ಪ ಎಚ್ಚರಾಗಿ ತಲೆ ಎತ್ತಿದ.

“ಏನಂದಿ?”

ಏನಿಲ್ಲಪ್ಪಾ, ಜೋಳದ ಮಾತು ಎನ್ನಬಹುದಿತ್ತು. ನಾಲಗೆ ತುದಿಗೆ ಬಂದೂ ಇತ್ತು. ಅಣ್ಣ ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ, ಬೇಡ, ಬಿಡು ಎನ್ನುವ ಹಾಗೆ ತಲೆ ಅಲ್ಲಾಡಿಸಿದ. ಅದನ್ನು ನನಗೆ ತಡೆಯಲಾಗಲಿಲ್ಲ.

“ಅಪ್ಪಾ, ಅಣ್ಣ ನನಗ ಒತ್ತಾಯ ಮಾಡಿರಲಿಲ್ಲ. ಮದಲನೇ ದಿನ ಅಷ್ಟ ಅಂವ ಕೊಟ್ಟ, ಉಳಿದ ದಿನಾ ನಾನ ಬೇಡಿ ಬಾರಿಸಿದ್ನಿ. ನನ್ನ ಉಳಿಸಿದ್ದು ಅಂಗಾರ ಅಲ್ಲ, ಇಂವ. ಕೂಸಿನ್ನ ಮುಟ್ಟಗೊಡಂಗಿಲ್ಲ ಅಂತ ಇಂವ ಎಂದೂ ಅಂದಿಲ್ಲ, ಕೂಸಿನ್ನ ನನ್ನ ಉಡಿಯಾಗ ತಿರುಗಿ ಹಾಕಿದಾಂವನ ಇಂವ. ಅಣ್ಣಾ, ನಿನ್ನ ಮ್ಯಾಲೆ ಸುಳ್ಳ ಹೇಳಿದ್ನಿ. ನಿನ್ನ ಕೈ ಕಟ್ಟಿದಾಕಿ ನಾನು. ತಪ್ಪಾತೊ ಯಣ್ಣಾ, ಹೊಟ್ಯಾಗ ಹಾಕ್ಕೊ.”